ಹಂಗಾಮಿಗೆ ಮುಂಚಿನ ರಾಜಿಗಳು

ದಸರೆ ಹತ್ತಿರ ಬಂದಂತೆ ನನ್ನ ಕೋಣೆಗೆ ಬರುವ ಗಂಡಂದಿರು ಮೆತ್ತಗಾಗುತ್ತಿದ್ದರು. ಬೇಸಿಗೆಯಲ್ಲಿ ಬಾಗಿಲಲ್ಲೇ ನಿಂತು ಆಕೆ ನನಗೆ ಬೇಡ ಎಂದು ಹೇಳಿ ಹೋದವರು, ಗಣಪತಿ ಕಳಿಸಿದ ಮೇಲೆ ತೊಳೆದ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು, ಮಗುವಿಗೆ ಬಿಸ್ಕಿಟ್ ಪುಡಿಕೆ ಹಿಡಿದು ಬರುತ್ತಿದ್ದರು. ಹೆಂಡತಿಯ ಎದುರು ಕುಳಿತು ತಪ್ಪಾಯಿತು, ಇನ್ನು ಕೈ ಎತ್ತುವುದಿಲ್ಲ, ಕುಡಿಯುವುದಿಲ್ಲ, ಅವ್ವನ ಮಾತು ಕೇಳುವುದಿಲ್ಲ ಎನ್ನುತ್ತಿದ್ದರು. ಅದು ನನ್ನ ಕೆಲಸದ ಫಲವೆಂದು ನಾನು ತಿಳಿದಿದ್ದೆ.

ಬೀದರಿನಲ್ಲಿ ಕೌಟುಂಬಿಕ ಪ್ರಕರಣಗಳು ನಡೆಯುವ ನ್ಯಾಯಾಲಯದಲ್ಲಿ ನಾನಾಗ ಸಮಾಲೋಚಕಿ. ಕೋಣೆ ಪಡಸಾಲೆಯ ತುದಿಗೆ, ಹಳೆಯ ಕಡತಗಳ ಕಪಾಟುಗಳ ಪಕ್ಕಕ್ಕೆ. ಗಂಡ ಹೆಂಡತಿ ಎದುರುಬದುರು ಕುಳಿತರೆ ಜಗಳ ಮೊದಲಾಗುತ್ತದೆಂದು ಕುರ್ಚಿಗಳನ್ನು ಮೂಲೆಗೆ ಓರೆಯಾಗಿ ಹಾಕಿದ್ದೆ. ಹಿರಿಯರ ಮುಂದೆ ಕುರ್ಚಿಯಲ್ಲಿ ಕೂಡಲು ಒಲ್ಲದವರಿಗೆ ಮನೆಯಿಂದ ತಂದ ಸತರಂಜಿ ಹಾಸಿತ್ತು. ಕಿಟಕಿ ಕೆಳಗೆ ಒಂದು ಮಣ್ಣಿನ ಬಿಂದಿಗೆ. ಆ ವರ್ಷಗಳಲ್ಲಿ ಕಚೇರಿಯ ನಳಕ್ಕೆ ನಂಬಿಕೆ ಇರಲಿಲ್ಲ, ಟ್ಯಾಂಕರ್ ಬಂದರೆ ಬಂತು, ಇಲ್ಲವಾದರೆ ಇಲ್ಲ. ನಾನೇ ಮನೆಯಿಂದ ಎರಡು ಬಾಟಲಿ ತಂದು ಬಿಂದಿಗೆಗೆ ಸುರಿಯುತ್ತಿದ್ದೆ. ಔರಾದ ಬಸ್ಸಿನಲ್ಲಿ ನಿಂತುಕೊಂಡು ಬಂದವರು ಮೊದಲು ನೀರು ಕುಡಿಯುತ್ತಿದ್ದರು, ಆಮೇಲೆ ಮಾತು.

ಪದ್ಧತಿ ಸರಳವಾಗಿತ್ತು. ನ್ಯಾಯಾಧೀಶರು ಜೋಡಿಯನ್ನು ನನ್ನ ಹತ್ತಿರ ಕಳಿಸುತ್ತಾರೆ. ನಾನು ಕೆಲವು ಸಲ ಕೂಡಿಸಿ ಮಾತಾಡುತ್ತೇನೆ. ಕೊನೆಗೆ ಒಂದು ವರದಿ: ರಾಜಿ ಆಗಿದೆ, ಆಗಿಲ್ಲ, ಅಥವಾ ಕಾಲಾವಕಾಶ ಬೇಕು. ಅಷ್ಟೇ. ಕೋಣೆಯಲ್ಲಿ ಯಾರು ಏನು ಅಂದರು ಎಂಬುದು ವರದಿಗೆ ಬರಕೂಡದು. ಈ ನಿಯಮ ಒಳ್ಳೆಯದಕ್ಕೇ ಇದೆ, ಇಲ್ಲದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಆದರೆ ಅದರ ನೆರಳಿನಲ್ಲಿ ನನ್ನ ಸೋಮಾರಿತನವೂ ಕುಳಿತಿತ್ತು. ಗಂಡ ಮಾತಾಡುತ್ತಿದ್ದ, ಅತ್ತೆ ಮಾತಾಡುತ್ತಿದ್ದಳು, ಹೆಂಡತಿ ನೆಲ ನೋಡುತ್ತ ಕೂಡುತ್ತಿದ್ದಳು. ಏನವ್ವ, ಹೋಗುತ್ತೀಯಾ ಎಂದರೆ ತಲೆ ಅಲ್ಲಾಡಿಸುತ್ತಿದ್ದಳು. ಸಂಜೆಯ ಬಸ್ಸು ತಪ್ಪಿದರೆ ಬೀದರಿನಲ್ಲಿ ಆಕೆಗೆ ಮಲಗಲು ಜಾಗವಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ತಲೆಯಾಟವನ್ನು ಒಪ್ಪಿಗೆ ಎಂದು ಬರೆಯುತ್ತಿದ್ದೆ.

ನಮ್ಮ ಜವಾನ ವಯಸ್ಸಾದವನು, ಬಾಗಿಲಲ್ಲಿ ನಿಂತು ಹೆಸರು ಕೂಗುವ ಕೆಲಸ ಅವನದು. ಆ ದಿನಗಳಲ್ಲಿ ನನಗೆ ತಮಾಷೆ ಮಾಡುತ್ತಿದ್ದ. "ಅಕ್ಕಾರ, ಈ ತಿಂಗಳ ನಿಮ್ಮ ಕೋಣಿ ಲಗ್ನದ ಮನಿ ಆಗ್ಯಾದ ನೋಡ್ರಿ. ಒಂದು ತೋರಣ ಕಟ್ಟೂದಷ್ಟೇ ಉಳದದ."

ನಾನೂ ನಗುತ್ತಿದ್ದೆ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಭಾಲ್ಕಿ ಕಡೆಯ ಒಬ್ಬ ಹೆಣ್ಣುಮಗಳು ಬಂದಳು. ಅವತ್ತು ಅವಳ ತಾರೀಖು ಇರಲಿಲ್ಲ. ಹಿಂದಿನ ದಸರೆಗೆ ಮುಂಚೆ ನಾನು ರಾಜಿ ಮಾಡಿಸಿ ಗಂಡನ ಸಂಗಡ ಕಳಿಸಿದವಳು. ಗೇಟಿನವರೆಗೆ ಹೋಗಿ ಬೀಳ್ಕೊಟ್ಟಿದ್ದೆ ಕೂಡ. ಈಗ ಬಿಂದಿಗೆಯಿಂದ ತಾನೇ ನೀರು ಬಗ್ಗಿಸಿಕೊಂಡು ಕುಡಿದಳು. ಲೋಟ ಹಿಡಿದ ಕೈಯ ಮೇಲೆಲ್ಲ ಗೀರುಗಳು, ಕೆಲವು ಮಾಸಿದ್ದವು, ಕೆಲವು ಇನ್ನೂ ಕೆಂಪಗಿದ್ದವು. ಕೇಸು ಮತ್ತೆ ತೆಗೆಯಬೇಕು, ಹೇಗೆ ಎಂದು ಕೇಳಿದಳು.

ರೂಢಿಯಂತೆ, ಮತ್ತೆ ಹೊಡೆದನೇ ಎಂದೆ.

"ಹೊಡದಿಲ್ರಿ. ಅಲ್ಲಿ ಹೊಡಿಲಿಕ್ಕ ಯಾರಿಗಿ ಪುರಸೊತ್ತ ಅದ? ಹೊತ್ತ ಹುಟ್ಟೂಕಿಂತ ಮೊದಲ ಕಬ್ಬಿಗಿ ಇಳಿಬೇಕು."

ಹಾಗಾದರೆ ಮತ್ತೆ ಕೇಸು ಯಾಕೆ ಎಂದು ಕೇಳಿದೆ.

"ಟ್ರ್ಯಾಕ್ಟರ್ ಊರಿಗಿ ತಂದು ಇಳಸ್ತು. ಮರುದಿನ ನಮ್ಮಪ್ಪನ ಮನಿ ಮುಂದ ಬಿಟ್ಟು ಹೋದ. ಹಂಗಾಮ ಮುಗೀತಲ್ರಿ."

ನನ್ನ ಮುಖ ನೋಡಿ ನನಗೆ ತಿಳಿದಿಲ್ಲವೆಂದು ಆಕೆಗೆ ಗೊತ್ತಾಯಿತು. ಚಿಕ್ಕ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು. ಗಡಿಯಾಚೆ ಸಾತಾರಾ, ಕೊಲ್ಹಾಪುರದ ಕಡೆ ಕಬ್ಬು ಕಡಿಯಲು ಆಳುಗಳನ್ನು ಒಯ್ಯುವ ಮುಕಾದಮ್ ಒಂಟಿ ಗಂಡಸನ್ನು ಒಯ್ಯುವುದಿಲ್ಲ. ಗಂಡಸು ಕಡಿಯಬೇಕು, ಹೆಂಗಸು ಸಿಪ್ಪೆ ಸುಲಿದು ಹೊರೆ ಕಟ್ಟಬೇಕು, ತಲೆಯ ಮೇಲೆ ಹೊತ್ತು ಲಾರಿಗೆ ಏರಿಸಬೇಕು. ಗಂಡ ಹೆಂಡತಿ ಕೂಡಿದರೆ ಒಂದು ಲೆಕ್ಕ. ಒಬ್ಬನೇ ಬಂದವನನ್ನು ಮುಕಾದಮ್ ಜೋಡಿ ತಗೊಂಡು ಬಾ ಎಂದು ತಿರುಗಿ ಕಳಿಸುತ್ತಾನೆ. ಮಳೆ ಹೋಗಿ ಹೆಸರು, ಉದ್ದು ಒಣಗಿದ ಆ ವರ್ಷಗಳಲ್ಲಿ ಹಿಂದೆಂದೂ ಕಬ್ಬಿಗೆ ಹೋಗದವರೂ ಹೊರಟಿದ್ದರು. ತವರಿಗೆ ಹೋಗಿ ಕುಳಿತ ಹೆಂಡತಿಯರ ನೆನಪು ಆಗುತ್ತಿದ್ದುದು ಆಗ. ಹಂಗಾಮು ಮುಗಿಯುವುದು ಯುಗಾದಿಯ ಸುತ್ತಮುತ್ತ.

ಆಕೆ ಸಿಟ್ಟಿನಿಂದ ಏನೂ ಹೇಳಲಿಲ್ಲ. ಲೋಟ ತೊಳೆದು ಬೋರಲು ಇಟ್ಟಳು.

"ಅಕ್ಕಾರ, ನಿಮಗ ಇದು ಗೊತ್ತಿದ್ದಿಲ್ಲೇನ್ರಿ? ನಾ ಗೊತ್ತದ ಅಂದ್ಕೊಂಡಿದ್ದೆ. ಗೊತ್ತಿದ್ದೇ ಕಳಸ್ಯಾರ ಅಂದ್ಕೊಂಡೇ ಹೋದೆ."

ಆ ಮಾತಿಗೆ ನಾನು ಏನು ಹೇಳಿದೆನೋ ನೆನಪಿಲ್ಲ. ಅರ್ಜಿ ಎಲ್ಲಿ ಕೊಡಬೇಕು, ಯಾರನ್ನು ಕಾಣಬೇಕು ಎಂದು ಹೇಳಿ ಕಳಿಸಿರಬೇಕು. ಸಂಜೆ ಮನೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಾಗ ಗೇಟಿನವರೆಗೆ ಕಳಿಸಿಕೊಟ್ಟ ಉಳಿದವರನ್ನು ನೆನೆಯಲು ನೋಡಿದೆ. ಗಂಡಂದಿರ ಮಾತುಗಳು ನೆನಪಿಗೆ ಬಂದವು, ಅತ್ತೆಯರ ದನಿಗಳು ಬಂದವು. ಹೆಣ್ಣುಮಕ್ಕಳು ಆಡಿದ ಒಂದು ಮಾತೂ ನೆನಪಿಗೆ ಬರಲಿಲ್ಲ. ನಾನು ಕೇಳಿಸಿಕೊಂಡಿದ್ದರಲ್ಲವೇ ನೆನಪಿರುವುದು? ಮೊರದಲ್ಲಿದ್ದ ಜೋಳವನ್ನೇ ಮತ್ತೆ ಮತ್ತೆ ಹಸನು ಮಾಡುತ್ತಿದ್ದೆನಂತೆ. ನನ್ನ ಅತ್ತೆಯವರು ಬಂದು ಮೊರ ಕಸಿದುಕೊಂಡರು.

ಮರುವಾರ ನ್ಯಾಯಾಧೀಶರ ಕೊಠಡಿಗೆ ಹೋದೆ. ಅವರು ದಕ್ಷಿಣದ ಕಡೆಯವರು, ವರ್ಗವಾಗಿ ಬಂದು ಹೆಚ್ಚು ದಿನ ಆಗಿರಲಿಲ್ಲ. ಪೂರ್ತಿ ಕೇಳಿಸಿಕೊಂಡರು. ಕೇಳಿ, ನ್ಯಾಯವಾದದ್ದನ್ನೇ ಕೇಳಿದರು.

"ಗಂಡ ಹೆಂಡ್ತಿ ಒಟ್ಟಿಗೆ ದುಡಿಯೋಕೆ ಹೋಗೋದು ತಪ್ಪಾ ಮೇಡಂ? ಬರಗಾಲದಲ್ಲಿ ಮತ್ತೇನು ಮಾಡ್ತಾರೆ ಅವರು?"

"ತಪ್ಪಲ್ಲ ಸರ್. ಹೋಗ್ಲಿ. ಆದ್ರ ಅದನ್ನ ನಾವು ರಾಜಿ ಅಂತ ಬರದು ಅಕಿ ಕೇಸ್ ಮುಚ್ಚತೇವಿ. ಹಂಗಾಮ ಮುಗದ ಮ್ಯಾಲ ಅಕಿ ಮತ್ತ ಮೊದಲಿಂದ ಶುರು ಮಾಡ್ಬೇಕು."

ಅವರು ಕೋಣೆಯ ಮಾತು ವರದಿಯಲ್ಲಿ ಬರೆಯುವಂತಿಲ್ಲ ಎಂಬುದನ್ನು ನೆನಪಿಸಿದರು. ಆಮೇಲೆ ಒಂದು ದಾರಿಯನ್ನೂ ತೋರಿಸಿದರು. ಹೆಣ್ಣುಮಗಳನ್ನು ಮೊದಲು ಒಬ್ಬಳನ್ನೇ ಕೂಡಿಸಿ ಮಾತಾಡಿರಿ. ಮುಂದಿನ ಆರು ತಿಂಗಳು ಎಲ್ಲಿರುತ್ತೀ, ಯಾರ ಸಂಗಡ, ಏನು ಮಾಡುತ್ತೀ ಎಂದು ಕೇಳಿರಿ. ಮನಸ್ಸಿಗೆ ಬಾರದಿದ್ದರೆ ಕಾಲಾವಕಾಶ ಬೇಕು ಎಂದು ಬರೆಯಿರಿ, ನಾನು ಕೊಡುತ್ತೇನೆ. ಕೇಸು ತೆರೆದೇ ಇರಲಿ. ಬಸ್ಸಿನ ಮಾತು ನಾನು ಎತ್ತಿದಾಗ, ಅವರು ಇಲ್ಲಿಗೆ ಬರಲಾಗದಿದ್ದರೆ ನೀವೇ ಭಾಲ್ಕಿಗೆ, ಔರಾದಕ್ಕೆ ಹೋಗಿ ಕೂಡಬಹುದೇ ಎಂದರು. ಹೂಂ ಎಂದೆ. ಮೇಲಿನವರ ಅನುಮತಿ ಬರುವಷ್ಟರಲ್ಲಿ ಮಳೆಗಾಲವೆಂಬ ಹೆಸರಿನ ತಿಂಗಳುಗಳು ಕಳೆದಿದ್ದವು.

ಭಾಲ್ಕಿಯ ಕೆಲಸ ಹಗುರಾಯಿತು. ರೈಲೂ ಇದೆ, ಅಲ್ಲಿನ ನ್ಯಾಯಾಲಯದ ಆವರಣದಲ್ಲಿ ಹಿತ್ತಿಲ ಕಡೆ ಒಂದು ಕೋಣೆ ಕೊಟ್ಟರು. ಔರಾದದಲ್ಲಿ ಸಿಕ್ಕಿದ್ದು ರಸ್ತೆಗೆ ಕಿಟಕಿ ಇರುವ ಕೋಣೆ. ಮೊದಲ ದಿನ ಒಬ್ಬಳು ಬಾಗಿಲವರೆಗೆ ಬಂದು, ಎದುರಿನ ಚಹಾದ ಅಂಗಡಿಯಲ್ಲಿ ಭಾವನನ್ನು ಕಂಡು, ಸೆರಗು ಮುಂದೆ ಎಳೆದುಕೊಂಡು ಬಂದ ದಾರಿಗೇ ಹೋದಳು. ಇನ್ನೊಬ್ಬಳು ಒಳಗೆ ಬಂದು ಕುಳಿತಳು, ಆದರೆ ಬೈದಳು. ಬೀದರ್ ದೂರ ಇತ್ತು ನಿಜ, ಆದರೆ ಅಲ್ಲಿ ತನ್ನ ಗುರುತಿನವರು ಇರಲಿಲ್ಲ, ಇಲ್ಲಿ ಬಸ್ ಸ್ಟ್ಯಾಂಡಿನಿಂದ ಹಿಡಿದು ಎಲ್ಲರಿಗೂ ತಾನು ಕೋರ್ಟಿಗೆ ಬಂದದ್ದು ಗೊತ್ತಾಯಿತು ಎಂದಳು. ಉಪಕಾರ ಮಾಡುತ್ತೇನೆಂದು ಹೊರಟು ಅವರ ಮಾನವನ್ನು ರಸ್ತೆಗೆ ತಂದಿದ್ದೆ. ಆಮೇಲೆ ಸಂತೆಯ ದಿನವೇ ಕೂಡುವುದೆಂದು ಮಾಡಿಕೊಂಡೆವು. ಸಂತೆಗೆ ಬಂದವಳು ಎಲ್ಲಿ ಹೋದಳೆಂದು ಯಾರೂ ಕೇಳುವುದಿಲ್ಲ. ಕಿಟಕಿಗೆ ನನ್ನ ಹಳೆಯ ಸೀರೆಯ ಪರದೆ ಕಟ್ಟಿದೆ.

ಅತ್ತೆಯರದು ಬೇರೆ ತಕಲೀಫು. ಸೊಸೆಯನ್ನು ಒಬ್ಬಳನ್ನೇ ಕೂಡಿಸಲು ಬಿಡುತ್ತಿರಲಿಲ್ಲ, ಹೊಸ್ತಿಲ ಮೇಲೆ ಕುಳಿತುಬಿಡುತ್ತಿದ್ದರು. ಅದಕ್ಕೆ ಉಪಾಯ ಹೂಡಿದವನು ನನ್ನ ಸಂಗಡ ಬರುತ್ತಿದ್ದ ಜವಾನ. ಬಾ ಅಕ್ಕಾ, ಒಂದು ಚಹಾ ಕುಡಿದು ಬರೋಣ ಎಂದು ಎಬ್ಬಿಸಿಕೊಂಡು ಹೋಗುತ್ತಿದ್ದ. ಅಲ್ಲಿ ತನ್ನ ಸೊಸೆಯ ಮೇಲಿನ ದೂರುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದ. ಯಾವ ಅತ್ತೆಯೂ ಅದನ್ನು ಅರ್ಧಕ್ಕೆ ಬಿಟ್ಟು ಎದ್ದು ಬರುತ್ತಿರಲಿಲ್ಲ. ಅವನಿಗೆ ಮಕ್ಕಳೇ ಇರಲಿಲ್ಲವೆಂದು ನನಗೆ ಆಮೇಲೆ ತಿಳಿಯಿತು.

ಈಗ ಹೇಳಬೇಕಾದ ಹೆಣ್ಣುಮಗಳು ಔರಾದದ ಎರಡನೆಯ ಸಂತೆಗೆ ಬಂದಳು. ತವರು ಔರಾದದ ಹತ್ತಿರ, ಗಂಡನ ಊರು ಮಹಾರಾಷ್ಟ್ರದ ಗಡಿಗೆ. ಎರಡು ಮಕ್ಕಳು. ಮಗ ಇನ್ನೂ ಅಂಗನವಾಡಿಯ ವಯಸ್ಸು, ಇವಳ ಮಡಿಲಲ್ಲೇ ಇದ್ದ. ಮಗಳು ಏಳನೆಯ ಇಯತ್ತೆ, ಅಜ್ಜಿಯ ಹತ್ತಿರ ಗಂಡನ ಊರಿನಲ್ಲಿ ಸಾಲೆಗೆ ಹೋಗುತ್ತಿದ್ದಳು. ಹಿಂದಿನ ಹಂಗಾಮಿನಲ್ಲಿ ಇವಳಿಗೆ ಕಬ್ಬಿನ ಹೊರೆ ಹೊತ್ತು ಲಾರಿಯ ಹಲಗೆ ಏರುವಾಗ ಗರ್ಭ ಹೋಗಿತ್ತು. ಎರಡು ದಿನ ಗುಡಿಸಿಲಿನಲ್ಲಿ ಮಲಗಿ ಮೂರನೆಯ ದಿನ ಮತ್ತೆ ಇಳಿದಿದ್ದಳು. ಊರಿಗೆ ಬಂದ ಮೇಲೆ ತವರಿಗೆ ಹೋದವಳು ತಿರುಗಿ ಹೋಗಿರಲಿಲ್ಲ. ಬೇರೆ ಇರಲು ಅಪ್ಪಣೆ ಬೇಕು, ಮಕ್ಕಳು ನನ್ನ ಹತ್ತಿರ ಇರಬೇಕು ಎಂದು ಅರ್ಜಿ ಹಾಕಿದ್ದಳು. ಗಂಡ ಆಕೆ ಬರಲಿ ಎಂದು ಎದುರು ಅರ್ಜಿ ಹಾಕಿದ್ದ.

ಒಬ್ಬಳನ್ನೇ ಕೂಡಿಸಿ, ಕಲಿತುಕೊಂಡಿದ್ದ ಪ್ರಶ್ನೆ ಕೇಳಿದೆ. ಬರುವ ಆರು ತಿಂಗಳು ಎಲ್ಲಿರುತ್ತೀ ತಂಗಿ?

"ನೀವು ಬಿಟ್ರ ಇಲ್ಲೇ ಇರ್ತಿನ್ರಿ. ಇಲ್ಲಂದ್ರ ಅಲ್ಲೇ ಸಾಯ್ತಿನಿ. ಹೊಟ್ಟಿಯೊಳಗ ಇನ್ನಾ ನೋವ ಅದ್ರಿ, ಬಗ್ಗಿದ್ರ ಕಣ್ಣಿಗಿ ಕತ್ತಲಿ ಬರ್ತದ."

ತಾಲೂಕು ಆಸ್ಪತ್ರೆಗೆ ಕಳಿಸಿದೆ. ಭಾರ ಎತ್ತಕೂಡದು ಎಂದು ವೈದ್ಯರು ಬರೆದು ಕೊಟ್ಟರು.

ಆಮೇಲೆ ಗಂಡನನ್ನು ಕೂಡಿಸಿದೆ. ಅವನು ರಾಕ್ಷಸನಾಗಿದ್ದರೆ ಈ ಬರೆಹ ನನಗೆ ಹಗುರಾಗುತ್ತಿತ್ತು. ಸಣ್ಣ ದನಿಯ ಮನುಷ್ಯ. ಒಮ್ಮೆಯೂ ಹೆಂಡತಿಯನ್ನು ಹೊಡೆದವನಲ್ಲ, ಆಕೆಯೇ ಹೇಳಿದ್ದಳು. ಮುಚ್ಚುಮರೆ ಮಾಡಲಿಲ್ಲ. ಈ ವರ್ಷ ಹೊಲದಲ್ಲಿ ಏನೂ ಇಲ್ಲ, ಮುಕಾದಮನಿಗೆ ಜೋಡಿ ಬರುತ್ತೇವೆಂದು ಮಾತು ಕೊಟ್ಟಾಗಿದೆ ಎಂದ. ಆಕೆಗೆ ಹೊರೆ ಹೊರಲಾಗದು ಎಂದು ನಾನು ಹೇಳಿದೆ. "ಸಣ್ಣ ಹೊರಿ ಕಟ್ಟತೀನ್ರಿ ಅಕಿಗಿ" ಎಂದ. ಹೊಲದಲ್ಲಿ ಹೊರೆಯ ಗಾತ್ರ ನಿನ್ನ ಕೈಯಲ್ಲಿ ಇರುತ್ತದೆಯೇ ಎಂದರೆ ತಲೆ ಕೆಳಗೆ ಹಾಕಿದ.

ಏಳುವ ಮುಂಚೆ ಆ ಹೆಣ್ಣುಮಗಳು ಮಗಳ ಮಾತು ತೆಗೆದಳು. ಮಗಳನ್ನೂ ಇವತ್ತೇ ಕೊಡಿಸಿರಿ, ಅಕ್ಕಾರ, ಎಂದಳು. ಮಗುವಿನ ವಿಚಾರಕ್ಕೆ ಬೇರೆ ವಿಚಾರಣೆ ಆಗಬೇಕು, ಹುಡುಗಿಯನ್ನು ಹಾಜರು ಪಡಿಸಿ ನ್ಯಾಯಾಧೀಶರೇ ಮಾತಾಡಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ ಎಂದು ಹೇಳಿದೆ. ನನಗೆ ಇನ್ನೊಂದು ಯೋಚನೆಯೂ ಇತ್ತು. ಇವಳ ತವರಿನಲ್ಲಿ ಐದನೆಯದರವರೆಗೆ ಮಾತ್ರ ಸಾಲೆ. ಹುಡುಗಿ ಅಜ್ಜಿಯ ಹತ್ತಿರ ಇದ್ದು ಓದುತ್ತಿದ್ದಾಳೆ, ಹಿಂದಿನ ಹಂಗಾಮುಗಳಲ್ಲೂ ಹಾಗೇ ಇದ್ದಳು. ಈಗ ಎಬ್ಬಿಸಿ ತಂದರೆ ಓದು ಹೋಗುತ್ತದೆ. ತಾಯಿಯದು ಮೊದಲು ಆಗಲಿ, ಮಗಳದು ಮುಂದಿನ ತಾರೀಖಿಗೆ ಎಂದೆ. ಆಕೆ ಒಪ್ಪಲಿಲ್ಲ. ಹಾಗೆಂದು ವಾದವನ್ನೂ ಮಾಡಲಿಲ್ಲ. ನೆಲ ನೋಡಿದಳು. ಆ ನೋಟವನ್ನು ಓದುವುದನ್ನು ನಾನು ಕಲಿತುಬಿಟ್ಟಿದ್ದೇನೆಂದು ತಿಳಿದಿದ್ದೆ.

ವರದಿಯಲ್ಲಿ ಕಾಲಾವಕಾಶ ಬೇಕು ಎಂದು ಬರೆದೆ, ವೈದ್ಯರ ಚೀಟಿ ಜೋಡಿಸಿದೆ. ನ್ಯಾಯಾಧೀಶರು ಪ್ರಕರಣ ಮುಗಿಯುವವರೆಗೆ ಆಕೆ ತವರಿನಲ್ಲಿ ಇರಬಹುದು, ಯಾರೂ ಒತ್ತಾಯದಿಂದ ಒಯ್ಯಬಾರದು ಎಂದು ಮಧ್ಯಂತರ ಆದೇಶ ಮಾಡಿದರು. ಮಗಳ ವಿಚಾರ ದೀಪಾವಳಿಯ ನಂತರದ ತಾರೀಖಿಗೆ ಹೋಯಿತು. ಆ ವರ್ಷ ದಸರೆಗೆ ಮುಂಚೆ ನನ್ನ ಕೋಣೆಯಲ್ಲಿ ರಾಜಿಗಳು ಕಡಿಮೆ ಆದವು. ಕೆಲವರು ತಾವೇ ಒಪ್ಪಿ, ತಿಳಿದು, ಹೋದರು. ಕೆಲವರು ಉಳಿದರು. ವಕೀಲರಲ್ಲಿ ಒಬ್ಬಿಬ್ಬರು, ಮೇಡಂ ಸಂಸಾರ ಕೂಡಿಸುವುದು ಬಿಟ್ಟು ಒಡೆಯಲು ಕುಳಿತಿದ್ದಾರೆ ಎಂದು ಗೊಣಗಿದರು. ಆ ಮಾತು ನನಗೆ ತಾಗಲಿಲ್ಲ. ಹಗುರಾಗಿದ್ದೆ. ಹಬ್ಬಕ್ಕೆ ಹೋಳಿಗೆ ಮಾಡಿ ಜವಾನನ ಮನೆಗೂ ಕಳಿಸಿದೆ.

ದೀಪಾವಳಿಯ ನಂತರದ ತಾರೀಖಿಗೆ ಗಂಡ ಬರಲಿಲ್ಲ. ಜವಾನ ಮೂರು ಸಲ ಹೆಸರು ಕೂಗಿದ. ಹೆಂಡತಿ ಬಂದಿದ್ದಳು, ಆದರೆ ಪಡಸಾಲೆಯ ಕಂಬಕ್ಕೆ ಆತು ನಿಂತಿದ್ದಳು, ಕರೆದರೂ ಒಳಗೆ ಬರಲಿಲ್ಲ. ನಾನೇ ಹತ್ತಿರ ಹೋದೆ.

"ಅಕಿನ್ನ ಒಯ್ದಾನ್ರಿ" ಎಂದಳು.

ದೀಪಾವಳಿಗೆ ಮಗಳಿಗೆ ಲಂಗದ ಬಟ್ಟೆ ತೆಗೆದುಕೊಂಡು ಗಂಡನ ಊರಿಗೆ ಹೋಗಿದ್ದಳಂತೆ. ಅಜ್ಜಿ ಅಳುತ್ತ ಕುಳಿತಿದ್ದಳು. ಮುಕಾದಮ್ ಒಂಟಿ ಗಂಡಸು ಬೇಡ ಎಂದ. ಕೊಟ್ಟ ಮಾತು ತಪ್ಪುವಂತಿರಲಿಲ್ಲ. ಹುಡುಗಿ ಎತ್ತರದ ಆಳು, ಸೀರೆ ಉಡಿಸಿದರೆ ದೊಡ್ಡವಳಂತೆ ಕಾಣುತ್ತಾಳೆ. ದಸರೆಯ ಮರುದಿನ ಟ್ರ್ಯಾಕ್ಟರ್ ಬಂದಾಗ ಅಪ್ಪನೂ ಮಗಳೂ ಜೋಡಿ ಎಂದು ಏರಿಕೊಂಡು ಹೋದರು.

ನಾನು ಕಂಬದ ಇನ್ನೊಂದು ಬದಿಗೆ ಕೈ ಊರಿದೆ. ತಾಯಿಯನ್ನು ಆ ಲೆಕ್ಕದಿಂದ ತೆಗೆಯುವಾಗ ಆ ಜಾಗ ಖಾಲಿ ಉಳಿಯುತ್ತದೆ, ಖಾಲಿ ಜಾಗಕ್ಕೆ ಯಾರನ್ನಾದರೂ ತುಂಬಲೇಬೇಕಾಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ತಾಯಿಗೆ ಹೊಳೆದಿತ್ತು. ಅದಕ್ಕೇ ಇವತ್ತೇ ಕೊಡಿಸಿರಿ ಎಂದಿದ್ದಳು. ನಾನು ಸಾಲೆಯ ಮಾತು ಹೇಳಿ ಬಾಯಿ ಮುಚ್ಚಿಸಿದ್ದೆ. ಆಕೆ ಈಗಲೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ತಪ್ಪಾಯಿತು ಎನ್ನಬಹುದಿತ್ತು. ಹೇಗೆ ತರಿಸುತ್ತೀರಿ ಎಂದಷ್ಟೇ ಕೇಳಿದಳು.

ನ್ಯಾಯಾಧೀಶರು ಅವತ್ತೇ ಹುಡುಗಿಯನ್ನು ಹಾಜರು ಪಡಿಸುವಂತೆ ಆದೇಶ ಮಾಡಿದರು. ಆದೇಶ ಮುಟ್ಟಿಸುವುದು ಎಲ್ಲಿ? ಕಬ್ಬಿನ ಗುಂಪು ಒಂದು ಕಡೆ ನಿಲ್ಲುವುದಿಲ್ಲ. ಒಂದು ಹೊಲ ಮುಗಿಯಿತೆಂದರೆ ಗುಡಿಸಿಲು ಕಿತ್ತು ಇನ್ನೊಂದು ಕಡೆ. ಕಾರ್ಖಾನೆಯ ಹೆಸರು ಅಜ್ಜಿಗೆ ಗೊತ್ತಿರಲಿಲ್ಲ, ಸಾತಾರಾ ಕಡೆ ಎಂದಷ್ಟೇ ಹೇಳಿದಳು. ಮಕ್ಕಳ ರಕ್ಷಣೆಯ ಸಮಿತಿಗೆ ಬರೆದೆವು, ಅವರು ಆಚೆಯ ಜಿಲ್ಲೆಯವರಿಗೆ ಬರೆದರು. ಅಲ್ಲಿಂದ ಮರಾಠಿಯಲ್ಲಿ ಪ್ರಶ್ನೆಗಳು ಬಂದವು, ಭಾಲ್ಕಿಯ ಒಬ್ಬ ಮಾಸ್ತರರನ್ನು ಹಿಡಿದು ಓದಿಸಿ ಉತ್ತರ ಬರೆಸಿದೆ. ಆಚೆಯ ಜಿಲ್ಲೆಯವರು ಸುಳಿವು ಸಿಕ್ಕ ಹೊಲಕ್ಕೆ ಹೋದಾಗ ಗುಂಪು ಮುಂದಕ್ಕೆ ಹೋಗಿತ್ತು. ಹೀಗೆ ಎರಡು ಸಲ ಆಯಿತು.

ಗಂಡನ ಫೋನು ಒಂದು ಮಧ್ಯಾಹ್ನ ಮಾತ್ರ ಹತ್ತಿತು. ತಾಯಿ ನನ್ನ ಕೋಣೆಯಲ್ಲೇ ಇದ್ದಳು. ಅವನು ನನ್ನ ದನಿ ಗುರುತು ಹಿಡಿದ. ಎಲ್ಲಿದ್ದೀರಿ ಎಂದರೆ ಅದನ್ನು ಬಿಟ್ಟು ಬೇರೆಯೇ ಹೇಳಿದ.

"ಅಕಿಗಿ ಹೊರಿ ಹೊರಸಂಗಿಲ್ರಿ ಅಕ್ಕಾರ. ಕಟ್ತಾಳ ಅಷ್ಟೇ. ಹೊರೂದು ನಾನೇ ಹೊರತೀನಿ. ನೀವು ಹೇಳಿದ್ದು ನೆನಪ ಅದ."

ತಾಯಿಯ ಕೈಗೆ ಫೋನು ಕೊಟ್ಟೆ. ಮಗಳು ಫೋನಿಗೆ ಬಂದಳೆಂದು ಕಾಣುತ್ತದೆ. ತಾಯಿ ಉಂಡಿದ್ದೀಯಾ, ತಲೆ ಬಾಚಿಕೊಳ್ಳುತ್ತೀಯಾ ಎಂದು ಕೇಳಿದಳು. ಆಚೆಯಿಂದ ಏನು ಉತ್ತರ ಬಂತೋ. ಫೋನು ಕಡಿದ ಮೇಲೂ ಕಿವಿಗೆ ಹಿಡಿದುಕೊಂಡೇ ಇದ್ದಳು. ಆಮೇಲೆ ಆ ನಂಬರು ಮತ್ತೆ ಹತ್ತಲಿಲ್ಲ.

ಆ ಚಳಿಗಾಲ ನನ್ನ ಕೈಯಲ್ಲಿ ಆಗುತ್ತಿದ್ದ ಇನ್ನೊಂದು ಕೆಲಸವನ್ನು ಮಾಡಿದೆ. ನ್ಯಾಯಾಧೀಶರ ಮುಂದೆ ಕುಳಿತು ಪದ್ಧತಿಯನ್ನು ಮತ್ತೆ ತಿದ್ದಿದೆವು. ದಸರೆಗೆ ಮುಂಚೆ ಬರುವ ಪ್ರತಿ ಪ್ರಕರಣದಲ್ಲಿ ಮನೆಯಲ್ಲಿ ಇರುವ ಮಕ್ಕಳೆಲ್ಲರ ವಿಚಾರ ಅದೇ ದಿನ ಎತ್ತಬೇಕು. ಯಾರು ಎಲ್ಲಿರುತ್ತಾರೆ ಎಂಬುದು ಮಧ್ಯಂತರ ಆದೇಶದಲ್ಲೇ ಬರಬೇಕು, ಮುಂದಿನ ತಾರೀಖಿಗೆ ಬಿಡಕೂಡದು. ಸಾಲೆಯ ಮುಖ್ಯೋಪಾಧ್ಯಾಯರಿಗೆ ತಿಳಿಸಬೇಕು, ಮಗು ಒಂದು ವಾರ ಬರದಿದ್ದರೆ ಅವರು ನಮಗೆ ತಿಳಿಸಬೇಕು. ಹಾಸ್ಟೆಲ್ಲಿನಲ್ಲಿ ಜಾಗ ಕೇಳಿಡಬೇಕು. ಇದೆಲ್ಲ ಒಳ್ಳೆಯದೇ. ಒಂದೊಂದು ಸಾಲು ಬರೆಯುವಾಗಲೂ ಆ ಹುಡುಗಿ ಯಾವುದೋ ಹೊಲದಲ್ಲಿ ಹೊರೆ ಕಟ್ಟುತ್ತಿದ್ದಳು. ಅವಳ ಮೇಲೆ ಬಿದ್ದದ್ದನ್ನು ನೋಡಿ ನಾನು ಬೇರೆಯವರಿಗಾಗಿ ಕಲಿಯುತ್ತಿದ್ದೆ. ಅದನ್ನು ಸುಧಾರಣೆ ಎಂದು ಕರೆಯಲು ನನಗೆ ಇವತ್ತಿಗೂ ನಾಲಿಗೆ ಏಳುವುದಿಲ್ಲ.

ಹಂಗಾಮು ಮುಗಿದು ಅವರೇ ಬಂದರು. ಯಾವ ಆದೇಶವೂ ಅವರನ್ನು ತರಲಿಲ್ಲ, ಹೋದ ಟ್ರ್ಯಾಕ್ಟರೇ ತಂದು ಇಳಿಸಿತು. ಮುಂದಿನ ಸಂತೆಗೆ ಗಂಡ ತಾನಾಗಿಯೇ ಮಗಳನ್ನು ಔರಾದಕ್ಕೆ ಕರೆದುಕೊಂಡು ಬಂದ. ಕೋಣೆಯ ಒಳಗೆ ಬರಲಿಲ್ಲ. ಹೊರಗೆ ಬೇವಿನ ನೆರಳಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. ಜವಾನ ಅವನ ಪಕ್ಕಕ್ಕೆ ಹೋಗಿ ನಿಂತ, ಯಾವ ಕಥೆಯನ್ನೂ ಹೇಳಲಿಲ್ಲ.

ಹುಡುಗಿ ತಾಯಿಗೆ ಆತು ಸತರಂಜಿಯ ಮೇಲೆ ಕುಳಿತಳು. ತಮ್ಮ ಅವಳ ತೊಡೆ ಏರಿದ್ದ. ಸೀರೆ ಉಟ್ಟಿರಲಿಲ್ಲ, ತಾಯಿ ಹಬ್ಬಕ್ಕೆ ತಂದಿದ್ದ ಬಟ್ಟೆಯನ್ನು ಹಳೆಯ ಅಳತೆಗೆ ಹೊಲಿದ ಲಂಗ. ಈಗ ಅದು ಗಿಡ್ಡವಾಗಿತ್ತು. ಕೈಯನ್ನು ತಮ್ಮನ ಅಂಗಿಯ ಕೆಳಗೆ ಅಡಗಿಸಿಕೊಂಡಿದ್ದಳು. ನಾನು ಕೆಳಗೇ ಕುಳಿತೆ. ಮನಸ್ಸಿನಲ್ಲಿ ಬಹಳ ದಿನದಿಂದ ಕಟ್ಟಿಟ್ಟುಕೊಂಡಿದ್ದ ಮಾತು ಹೇಳಿದೆ. ಭಾಲ್ಕಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಇದೆ, ಜಾಗ ಕೊಟ್ಟಿದ್ದಾರೆ. ಬಿಟ್ಟ ಇಯತ್ತೆಯನ್ನು ಅಲ್ಲೇ ಮುಗಿಸಬಹುದು. ಸಾಲೆ ಸೂಟಿ ಬಿಟ್ಟಾಗ ಅವ್ವನ ಹತ್ತಿರ. ಇನ್ನು ಮುಂದೆ ಯಾರೂ ನಿನ್ನನ್ನು ಕಬ್ಬಿಗೆ ಒಯ್ಯುವಂತಿಲ್ಲ, ಸಾಹೇಬರು ಬರೆದುಕೊಟ್ಟಿದ್ದಾರೆ.

ಗಮನವಿಟ್ಟು ಕೇಳಿದಳು. ಸಂತೋಷವಾಗುತ್ತದೆಂದು ನಾನು ಕಾದೆ.

"ಅವ್ವಗ ಒಯ್ಯಂಗಿಲ್ಲ. ನನಗ ಒಯ್ಯಂಗಿಲ್ಲ" ಎಂದಳು, ಲೆಕ್ಕ ಒಪ್ಪಿಸುವವಳಂತೆ. ತೊಡೆಯ ಮೇಲಿನ ಹುಡುಗನ ತಲೆಯ ಮೇಲೆ ಗದ್ದ ಊರಿದಳು. "ಮತ್ತ ತಮ್ಮ ದೊಡ್ಡಾವ ಆದ ಮ್ಯಾಲ ಇವಗ ಒಯ್ತಾರೇನ್ರಿ?"

ಇಲ್ಲವ್ವ ಎಂದೆ. ತಟ್ಟನೆ ಎಂದೆ, ಹೇಳಲೇಬೇಕಾದ ಮಾತನ್ನು ಹೇಳುವ ಹಾಗೆ.

ಹುಡುಗಿ ನನ್ನ ಮಾತು ಹಿಡಿಯಲಿಲ್ಲ. ಖರೆ ಹೌದೋ ಅಲ್ಲವೋ ಎಂದು ತಾಯಿಯ ಮುಖ ನೋಡಿದಳು. ತಾಯಿ ನನ್ನ ಮುಖ ನೋಡಿದಳು.

ಎದ್ದು ಬಾಗಿಲಿಗೆ ಹೋದೆ. ಜವಾನನಿಗೆ ಕೂಗಲು ಹೇಳಲಿಲ್ಲ, ನಾನೇ ಬೇವಿನ ಕಡೆ ನಡೆದು ಹೋಗಿ ಗಂಡನನ್ನು ಕರೆದೆ. ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬಂದ, ಗೋಡೆಗೆ ಒತ್ತಿ ನಿಂತ. ಇಷ್ಟು ವರ್ಷ ನಾನು ಗಂಡಂದಿರಿಗೆ ಹೊಡೆಯಬೇಡ, ಕುಡಿಯಬೇಡ, ಒಯ್ಯಬೇಡ ಎಂದೇ ಹೇಳಿದವಳು.

"ಕೂಡ್ರಿ" ಎಂದೆ. "ಬರೂ ದಸರಾಕ್ಕ ನೀವೊಬ್ಬರೇ ಎಲ್ಲಿ ಹೋಗ್ತೀರಿ, ಏನ್ ಮಾಡ್ತೀರಿ, ಅದನ್ನ ಮೊದಲ ಮಾತಾಡೂಣು."

ಅವನು ಕೂಡಲಿಲ್ಲ. ಮಗಳ ಕಡೆ ನೋಡಿದ. "ಅದನ್ನ ನನಗ ಯಾರೂ ಕೇಳಿದ್ದಿಲ್ರಿ" ಎಂದ. ಆಮೇಲೆ ಚಪ್ಪಲಿ ಬಾಗಿಲ ಬಳಿ ಇಟ್ಟು ಸತರಂಜಿಯ ಅಂಚಿಗೆ ಕುಳಿತ. ಸಂತೆ ಬಿಡುವವರೆಗೆ ನಾವು ಅದನ್ನೇ ಮಾತಾಡುತ್ತ ಕುಳಿತೆವು.